ಕೇರಾಫ್ ವಿಳಾಸದಿಂದ ಸ್ವಂತ ವಿಳಾಸಕ್ಕೆ

ಹುಟ್ಟೂರನ್ನು ಬಿಟ್ಟು ಬಂದ ನಮ್ಮಂಥವರಿಗೆ ವಿಳಾಸದ ಬೆಲೆ ಏನೆಂಬುದನ್ನು ಯಾರೂ ಬೋಧಿಸಬೇಕಾಗಿಲ್ಲ. ಉದ್ಯೋಗವನ್ನರಸಿ ಈ ಮಹಾನಗರಕ್ಕೆ ಬಂದ ಕನ್ನಡಿಗನು ಮೊದಲ ಕೆಲವು ತಿಂಗಳು ಬಂಧುಗಳ ಅಥವಾ ಊರಿನವರ ಮನೆಯ ವಿಳಾಸವನ್ನೇ ‘ಕೇರಾಫ್’ ಎಂದು ಬರೆದುಕೊಂಡು ಕಾಲ ಕಳೆಯುತ್ತಾನೆ. ಅವನಿಗೆ ಬರುವ ಕಾಗದಗಳು ಮತ್ತೊಬ್ಬರ ಕೈದಾಟಿ ಬರುತ್ತವೆ. ಅನಿಲ ಸಂಪರ್ಕ, ಪಡಿತರ ಚೀಟಿ, ಬ್ಯಾಂಕಿನ ಖಾತೆ, ಎಲ್ಲಿ ಹೋದರೂ ‘ವಿಳಾಸದ ಪುರಾವೆ ಎಲ್ಲಿ?’ ಎಂಬ ಪ್ರಶ್ನೆಯೇ ಮೊದಲು ಎದುರಾಗುತ್ತದೆ. ಬ್ಯಾಂಕಿನ ಮೇಜಿನ ಹಿಂದೆ ಕುಳಿತು ಆ ಪ್ರಶ್ನೆಯನ್ನು ಅನೇಕ ವರ್ಷಗಳಿಂದ ಕೇಳುತ್ತಿರುವವರಲ್ಲಿ ನಾನೂ ಒಬ್ಬ.

ಇಂತಹದೇ ಒಂದು ಕೇರಾಫ್ ಸ್ಥಿತಿಯಲ್ಲಿ ನಮ್ಮ ಮನೆಗಳ ಎಷ್ಟೋ ಅಂತರ್ಜಾಲ ಸಂಪರ್ಕಗಳು ಇಂದಿಗೂ ಇವೆ ಎಂದರೆ ಹಲವರಿಗೆ ಆಶ್ಚರ್ಯವಾಗಬಹುದು. ಪ್ರತಿ ತಿಂಗಳೂ ತಪ್ಪದೆ ಹಣ ಕಟ್ಟುತ್ತೇವೆ. ಆದರೆ ಆ ಜಾಲದಲ್ಲಿ ನಮ್ಮ ಮನೆಗೆ ಸ್ವಂತ ವಿಳಾಸವಿಲ್ಲ. ಸ್ವಂತ ವಿಳಾಸವನ್ನು ಕೊಡಬಲ್ಲ ಹೊಸ ಪದ್ಧತಿಯೊಂದು ಸಿದ್ಧವಾಗಿ ಕಾಲು ಶತಮಾನ ಕಳೆದಿದೆ. ಅದರ ಹೆಸರು ‘ಐ.ಪಿ.ವಿ. 6’. ಇದೇ ಸಂಚಿಕೆಯಲ್ಲಿ ವೈದ್ಯಮಿತ್ರರು ರಕ್ತದೊತ್ತಡ, ಮಧುಮೇಹಗಳ ವಿಷಯವಾಗಿ ತಿಳಿವಳಿಕೆ ನೀಡುತ್ತಿರುವಾಗ, ಮನೆಯ ಮೂಲೆಯಲ್ಲಿ ಮಿಣುಕುವ ದೀಪಗಳೊಡನೆ ಕುಳಿತಿರುವ ಪುಟ್ಟ ಪೆಟ್ಟಿಗೆಯ ಆರೋಗ್ಯದ ವಿಷಯವಾಗಿಯೂ ನಾಲ್ಕು ಮಾತು ಬರೆಯುವುದು ಅಪ್ರಸ್ತುತವಾಗಲಾರದೆಂದು ಭಾವಿಸಿದ್ದೇನೆ. ನಾನು ವಾಣಿಜ್ಯಶಾಸ್ತ್ರದ ಪದವೀಧರನೇ ಹೊರತು ಇಂಜಿನಿಯರನಲ್ಲ. ಆದುದರಿಂದ ಲೆಕ್ಕಪತ್ರದ ಮನುಷ್ಯನಿಗೆ ಅರ್ಥವಾದ ಭಾಷೆಯಲ್ಲಿಯೇ ವಿಷಯವನ್ನು ನಿರೂಪಿಸುತ್ತೇನೆ.

ವಿಳಾಸಗಳು ಮುಗಿದ ಕಥೆ

ಅಂತರ್ಜಾಲದಲ್ಲಿ ಸಾಗುವ ಪ್ರತಿಯೊಂದು ಸಂದೇಶವೂ, ಅದು ಪತ್ರವಾಗಿರಲಿ, ಚಿತ್ರವಾಗಿರಲಿ, ಹಣದ ವರ್ಗಾವಣೆಯಾಗಿರಲಿ, ಚಿಕ್ಕಚಿಕ್ಕ ಪೊಟ್ಟಣಗಳಾಗಿ ಒಡೆದು ಹೋಗುತ್ತದೆ. ಅಂಚೆಯ ಲಕೋಟೆಯ ಮೇಲೆ ‘ಇಂದ’ ಮತ್ತು ‘ಗೆ’ ಎಂದು ಬರೆಯುವಂತೆ ಪ್ರತಿ ಪೊಟ್ಟಣದ ಮೇಲೂ ಕಳುಹಿಸಿದವರ ಹಾಗೂ ತಲುಪಬೇಕಾದವರ ವಿಳಾಸಗಳು ಸಂಖ್ಯೆಯ ರೂಪದಲ್ಲಿ ಇರುತ್ತವೆ. ಈಗಲೂ ಬಳಕೆಯಲ್ಲಿರುವ ಹಳೆಯ ಪದ್ಧತಿಯಾದ ನಾಲ್ಕನೆಯ ಆವೃತ್ತಿಯ ನಿಯಮಗಳು ಪ್ರಕಟವಾದದ್ದು 1981ರ ಸೆಪ್ಟೆಂಬರಿನಲ್ಲಿ. ಅಮೆರಿಕದ ‘ಆರ್ಪಾನೆಟ್’ ಎಂಬ ಜಾಲವು 1983ರ ಜನವರಿ 1ರಂದು ಈ ಪದ್ಧತಿಗೆ ಬದಲಾಯಿತು.

ಈ ಪದ್ಧತಿಯಲ್ಲಿ ವಿಳಾಸಕ್ಕೆ 32 ದ್ವಿಮಾನ ಅಂಕೆಗಳ ಸ್ಥಳವನ್ನು ಮಾತ್ರ ಇಡಲಾಗಿತ್ತು. ಹೀಗಾಗಿ ಒಟ್ಟು ವಿಳಾಸಗಳ ಸಂಖ್ಯೆ 429 ಕೋಟಿ 49 ಲಕ್ಷ 67 ಸಾವಿರದ 296. ಆಗ ಜಗತ್ತಿನ ಜನಸಂಖ್ಯೆಯೇ ಸುಮಾರು 450 ಕೋಟಿ. ತಲೆಗೊಂದರಂತೆ ಹಂಚಿದರೂ ಸಾಲದು! ಆದರೆ ಅಂದು ಜಾಲದಲ್ಲಿದ್ದ ಗಣಕಯಂತ್ರಗಳು ಕೆಲವು ನೂರು ಮಾತ್ರ. ಒಂದು ಮನೆಯಲ್ಲಿ ಹತ್ತು ಯಂತ್ರಗಳಿಗೆ ವಿಳಾಸ ಬೇಕಾಗುವ ಕಾಲ ಬಂದೀತೆಂದು ಯಾರು ತಾನೆ ಊಹಿಸಿದ್ದರು? ಆ ಸಮೃದ್ಧಿಯ ದಿನಗಳಲ್ಲಿ ಎಂ.ಐ.ಟಿ. ಎಂಬ ಒಂದೇ ವಿದ್ಯಾಸಂಸ್ಥೆಗೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳು ದೊರೆತಿದ್ದವು.

ನಮ್ಮ ದೇಶ ಈ ಪಂಕ್ತಿಗೆ ತಡವಾಗಿ ಬಂದಿತು. 1986ರಲ್ಲಿ ಆರಂಭವಾದ ‘ಅರ್ನೆಟ್’ ಎಂಬ ವಿದ್ಯಾಜಾಲದಲ್ಲಿ ನಮ್ಮ ಊರಿನ ಐ.ಐ.ಟಿ.ಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಪಾಲುಗೊಂಡಿದ್ದವು. ಜನಸಾಮಾನ್ಯರಿಗೆ ಅಂತರ್ಜಾಲ ದೊರೆತದ್ದು 1995ರ ಆಗಸ್ಟ್ 15ರಂದು. ವಿದೇಶ ಸಂಚಾರ ನಿಗಮವು ಅದನ್ನು ಮೊದಲು ತೆರೆದ ನಗರಗಳಲ್ಲಿ ಆಗಿನ ಮದ್ರಾಸೂ ಒಂದು. ಅಷ್ಟು ಹೊತ್ತಿಗೆ ಎಲೆಯ ತುದಿಯವರೆಗೆ ಬಡಿಸಿಕೊಂಡವರು ಬಡಿಸಿಕೊಂಡಾಗಿತ್ತು. ಹಳೆಯ ವಿಳಾಸಗಳಲ್ಲಿ ಅಮೆರಿಕದ ಪಾಲು ಸುಮಾರು 150 ಕೋಟಿ. 140 ಕೋಟಿಗೂ ಮಿಕ್ಕಿದ ಜನರಿರುವ ಭಾರತದ ಪಾಲು 5 ಕೋಟಿಗೂ ಕಡಿಮೆ.

2011ರ ಫೆಬ್ರವರಿ 3ರಂದು ಜಗತ್ತಿನ ಕೇಂದ್ರ ಉಗ್ರಾಣದಲ್ಲಿ ಉಳಿದಿದ್ದ ಕೊನೆಯ ಐದು ಕಟ್ಟುಗಳನ್ನು ಐದು ಭೂಭಾಗಗಳ ಸಂಸ್ಥೆಗಳಿಗೆ ಹಂಚಿ ಕೈತೊಳೆದುಕೊಳ್ಳಲಾಯಿತು. ಏಷ್ಯಾ ಮತ್ತು ಪೆಸಿಫಿಕ್ ಭಾಗದ ಸಾಮಾನ್ಯ ದಾಸ್ತಾನು ಅದೇ ವರ್ಷದ ಏಪ್ರಿಲ್ 15ರಂದು ಮುಗಿಯಿತು. ಕೊರತೆ ಬಂದಲ್ಲಿ ಬೆಲೆಯೂ ಬರುತ್ತದೆ. ಅದೇ 2011ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ದಿವಾಳಿಯಾದ ನಾರ್ಟೆಲ್ ಕಂಪನಿಯಿಂದ 6 ಲಕ್ಷ 66 ಸಾವಿರ ಚಿಲ್ಲರೆ ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತು. ಒಂದೊಂದಕ್ಕೆ ಹನ್ನೊಂದು ಡಾಲರಿಗೂ ಹೆಚ್ಚು! ಕೇವಲ ಸಂಖ್ಯೆಗಳಾಗಿದ್ದವು ಆಸ್ತಿಯ ಪಟ್ಟಿಗೆ ಸೇರಿದವು.

ಕೇರಾಫ್ ಏರ್ಪಾಡು

ಹಾಗಾದರೆ 2011ರ ನಂತರವೂ ಹೊಸ ಸಂಪರ್ಕಗಳನ್ನು ಹೇಗೆ ಕೊಡುತ್ತಿದ್ದಾರೆ ಎಂಬ ಪ್ರಶ್ನೆ ಸಹಜವೇ. ಉತ್ತರ ಸರಳವಾಗಿದೆ: ಒಂದು ವಿಳಾಸವನ್ನು ಅನೇಕರಿಗೆ ಹಂಚಿ.

ನಮ್ಮವರ ಉಡುಪಿ ಹೋಟೆಲಿನ ಮೇಲಂತಸ್ತಿನ ವಸತಿಗೃಹವನ್ನು ನೆನೆಯಿರಿ. ಕೋಣೆಗಳು ಮೂವತ್ತು; ಹೊರಗಿನ ಟೆಲಿಫೋನ್ ಸಂಖ್ಯೆ ಒಂದೇ. ಕೋಣೆಯಲ್ಲಿರುವವರು ಹೊರಗಿನವರಿಗೆ ಕರೆ ಮಾಡಬಹುದು. ಆದರೆ ಹೊರಗಿನವರು ಒಬ್ಬ ಅತಿಥಿಯನ್ನು ನೇರವಾಗಿ ಕರೆಯಲಾರರು. ಕೆಳಗಿನ ಮೇಜಿನವರು ಸಂಪರ್ಕಿಸಿ ಕೊಟ್ಟರೆ ಮಾತ್ರ ಉಂಟು. ಮನೆಯ ಪುಟ್ಟ ಪೆಟ್ಟಿಗೆ, ಅಂದರೆ ರೌಟರು, ನಮ್ಮ ಮನೆಯ ಯಂತ್ರಗಳಿಗೆ ಮಾಡುವುದು ಈ ಕೆಲಸವನ್ನೇ. ಅದು 192.168 ಎಂದು ಮೊದಲಾಗುವ ಒಳಸಂಖ್ಯೆಗಳನ್ನು ಹಂಚಿ, ಹೊರಗೆ ಒಂದೇ ವಿಳಾಸವನ್ನು ತೋರಿಸುತ್ತದೆ. ಇಷ್ಟಾದರೆ ಬಾಧೆಯಿಲ್ಲ. ಆದರೆ ವಿಳಾಸಗಳು ತೀರಿದ ಮೇಲೆ ಸಂಪರ್ಕ ಒದಗಿಸುವ ಕಂಪನಿಗಳು ತಮ್ಮಲ್ಲಿಯೂ ಇಂತಹದೇ ಎರಡನೆಯ ಮೇಜನ್ನು ಇಟ್ಟುಕೊಂಡವು. ಈಗ ಹತ್ತಾರು, ಕೆಲವೆಡೆ ನೂರಾರು ಮನೆಗಳು ಒಂದೇ ಹೊರವಿಳಾಸದ ಹಿಂದೆ ಕೇರಾಫ್ ಆಗಿ ನಿಂತಿವೆ.

ಇದರಿಂದ ಬರುವ ತೊಡಕುಗಳು ಮೂರು.

ಮೊದಲನೆಯದು, ಒಬ್ಬನ ದೋಷಕ್ಕೆ ಹಲವರು ದಂಡ ತೆರುವುದು. ಆ ವಿಳಾಸದಿಂದ ಯಾರೋ ಒಬ್ಬ ಕಿಡಿಗೇಡಿತನ ಮಾಡಿದರೆ, ಜಾಲತಾಣಗಳು ವಿಳಾಸವನ್ನೇ ತಡೆಹಿಡಿಯುತ್ತವೆ. ಆಗ ನಿರಪರಾಧಿಗಳಾದ ನೆರೆಯವರೆಲ್ಲರೂ ‘ನೀವು ಮನುಷ್ಯರೇ, ಯಂತ್ರವೇ?’ ಎಂಬ ಪರೀಕ್ಷೆಗೆ ಉತ್ತರ ಕೊಡುತ್ತ ಕೂರಬೇಕಾಗುತ್ತದೆ.

ಎರಡನೆಯದು ಹೆಚ್ಚು ಗಂಭೀರವಾದದ್ದು. ವಂಚನೆ ನಡೆದಾಗ ಹಣ ಎಲ್ಲಿಂದ ಸೆಳೆಯಲ್ಪಟ್ಟಿತೆಂದು ಹುಡುಕುತ್ತ ಹೋದರೆ ದಾಖಲೆಯಲ್ಲಿ ಒಂದು ವಿಳಾಸ ಸಿಗುತ್ತದೆ. ಆದರೆ ಅದರ ಹಿಂದೆ ನೂರು ಮನೆಗಳಿರಬಹುದು. ಯಾವ ಮನೆಯೆಂದು ತಿಳಿಯಲು ವಿಳಾಸದ ಜೊತೆಗೆ ಸೆಕೆಂಡಿನ ಲೆಕ್ಕದ ವೇಳೆಯೂ ‘ಪೋರ್ಟ್’ ಎಂಬ ಮತ್ತೊಂದು ಸಂಖ್ಯೆಯೂ ಬೇಕು. ಅವುಗಳಲ್ಲಿ ಒಂದು ದಾಖಲಾಗದಿದ್ದರೂ ಜಾಡು ಅಲ್ಲಿಗೇ ಕಡಿಯುತ್ತದೆ. ಈ ಕಾರಣದಿಂದಲೇ ಯೂರೋಪಿನ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ 2017ರ ಅಕ್ಟೋಬರಿನಲ್ಲಿ, ಕಂಪನಿಗಳ ಮಟ್ಟದ ಇಂತಹ ವಿಳಾಸ ಹಂಚಿಕೆ ಕೊನೆಗೊಳ್ಳಬೇಕೆಂದು ಬಹಿರಂಗವಾಗಿ ಕರೆಯಿತ್ತಿತು. ಉಳಿತಾಯದ ಹಣ ಕಳೆದುಕೊಂಡು ನಮ್ಮ ಮೇಜಿನ ಮುಂದೆ ಕುಳಿತು ಕಣ್ಣೀರಿಡುವ ವೃದ್ಧರನ್ನು ಕಂಡವರಿಗೆ ಇದರ ತೂಕ ತಿಳಿಯುತ್ತದೆ. (ಹಣ ಹೋದುದು ತಿಳಿದ ಕ್ಷಣವೇ 1930 ಎಂಬ ಸಹಾಯವಾಣಿಗೆ ಕರೆ ಮಾಡುವುದನ್ನು ವಾಚಕರು ಮರೆಯಬಾರದು.)

ಮೂರನೆಯದು, ಹೊರಗಿನಿಂದ ನಮ್ಮ ಮನೆಗೆ ದಾರಿಯೇ ಇಲ್ಲದಿರುವುದು. ಊರಿನಲ್ಲಿ ವಯಸ್ಸಾದ ತಂದೆತಾಯಿಯರನ್ನು ಬಿಟ್ಟು ಬಂದ ನಮಗೆ ಈ ತೊಡಕು ಎಷ್ಟು ಹತ್ತಿರದ್ದೆಂಬುದನ್ನು ಮುಂದೆ ವಿವರಿಸುತ್ತೇನೆ.

ಹೊಸ ಮಾನದಂಡ

ಈ ಕೊರತೆಯನ್ನು ಮುಂಗಂಡ ತಜ್ಞರು 1995ರ ಡಿಸೆಂಬರಿನಲ್ಲಿಯೇ ಆರನೆಯ ಆವೃತ್ತಿಯ ಮೊದಲ ನಿಯಮಾವಳಿಯನ್ನು ಪ್ರಕಟಿಸಿದರು. 1998ರಲ್ಲಿ ಅದನ್ನು ಪರಿಷ್ಕರಿಸಲಾಯಿತು. 2017ರ ಜುಲೈಯಲ್ಲಿ ಅದಕ್ಕೆ ಪೂರ್ಣ ಮಾನದಂಡದ ಸ್ಥಾನ ದೊರೆಯಿತು. ನಾಲ್ಕರ ನಂತರ ಐದೇಕೆ ಬರಲಿಲ್ಲವೆಂದು ಕೇಳುವವರುಂಟು. ಆ ಸಂಖ್ಯೆಯನ್ನು ಅದಕ್ಕೂ ಮೊದಲೇ ಬೇರೊಂದು ಪ್ರಯೋಗಕ್ಕೆ ಕೊಟ್ಟಾಗಿತ್ತು, ಅಷ್ಟೆ.

ಹೊಸ ವಿಳಾಸದ ಉದ್ದ 128 ದ್ವಿಮಾನ ಅಂಕೆಗಳು. ಬರೆಯುವಾಗ ಎಂಟು ಗುಂಪುಗಳಾಗಿ ವಿಂಗಡಿಸಿ, ನಡುವೆ ನಮ್ಮ ವಿಸರ್ಗದಂತೆ ಕಾಣುವ ಜೋಡಿ ಚುಕ್ಕೆಗಳನ್ನು ಇಡುತ್ತಾರೆ. ಅಂಕೆಗಳ ಜೊತೆಗೆ ಇಂಗ್ಲಿಷಿನ ಎ ಯಿಂದ ಎಫ್ ವರೆಗಿನ ಅಕ್ಷರಗಳೂ ಬರುತ್ತವೆ. ಉದ್ದವು ನಾಲ್ಕು ಪಟ್ಟಾದರೆ ವಿಳಾಸಗಳೂ ನಾಲ್ಕು ಪಟ್ಟಾದವೆಂದು ತಿಳಿಯಬಾರದು. ಇದು ಚಕ್ರಬಡ್ಡಿಯ ಲೆಕ್ಕ. ಸಾಮಾನ್ಯವಾಗಿ ಒಂದೇ ಒಂದು ಮನೆಗೆ ಕೊಡುವ ಕನಿಷ್ಠ ಪಾಲು ಎಷ್ಟೆಂದರೆ, ಹಳೆಯ ಪದ್ಧತಿಯ ಇಡೀ ಜಗತ್ತಿನ 429 ಕೋಟಿಯನ್ನು ಮತ್ತೆ 429 ಕೋಟಿಯಿಂದ ಗುಣಿಸಿದಷ್ಟು! ಹಂಚಿ ತಿನ್ನುವ ಪ್ರಮೇಯವೇ ಇಲ್ಲ.

ಹೀಗೆ ಮುಂದಿನ ಕಾಲಕ್ಕೆ ಸ್ಥಳ ಬಿಡುವುದು ಬ್ಯಾಂಕಿನವರಿಗೆ ಹೊಸತಲ್ಲ. ನಿಮ್ಮ ಶಾಖೆಯ ಐ.ಎಫ್.ಎಸ್. ಸಂಕೇತದಲ್ಲಿ ಹನ್ನೊಂದು ಸ್ಥಾನಗಳಿವೆ: ಮೊದಲ ನಾಲ್ಕು ಬ್ಯಾಂಕಿನವು, ಕೊನೆಯ ಆರು ಶಾಖೆಯವು. ನಡುವಿನ ಐದನೆಯ ಸ್ಥಾನದಲ್ಲಿ ಸದಾ ಒಂದು ಸೊನ್ನೆ. ಅದು ಭವಿಷ್ಯದ ಅಗತ್ಯಕ್ಕೆಂದು ಕಾದಿರಿಸಿದ ಸ್ಥಾನ. ಅಂತರ್ಜಾಲದ ಹಳೆಯ ವಿಳಾಸಕ್ಕೆ ಅಂತಹ ಸೊನ್ನೆಯೊಂದು ಇರಲಿಲ್ಲ.

ಆದರೆ ಒಂದು ಕಷ್ಟವುಂಟು. ಹಳೆಯದೂ ಹೊಸದೂ ಪರಸ್ಪರ ನೇರವಾಗಿ ಮಾತನಾಡಲಾರವು. ಆದುದರಿಂದ ಕೆಲಕಾಲ ಎರಡನ್ನೂ ಜೊತೆಜೊತೆಯಾಗಿ ನಡೆಸಬೇಕು. ಇಲ್ಲವೆ ನಡುವೆ ದುಭಾಷಿಯನ್ನು ಇಡಬೇಕು. ಇದಕ್ಕೂ ನಮ್ಮ ವೃತ್ತಿಯಲ್ಲಿ ನಿದರ್ಶನವಿದೆ. ಚೆಕ್ಕನ್ನು ಕಳುಹಿಸದೆ ಅದರ ಚಿತ್ರವನ್ನು ಮಾತ್ರ ಕಳುಹಿಸಿ ತೀರುವಳಿ ಮಾಡುವ ಪದ್ಧತಿ ಚೆನ್ನೈಯಲ್ಲಿ 2011ರ ಸೆಪ್ಟೆಂಬರಿನಲ್ಲಿ ಬಂದಿತು. ಅದಕ್ಕೆ ತಕ್ಕ ಹೊಸ ಮಾದರಿಯ ಚೆಕ್ಕುಗಳು ಬಂದವು, ಹಳೆಯವೂ ನಡೆಯುತ್ತಿದ್ದವು. ಹಳೆಯ ಚೆಕ್ಕುಗಳ ತೀರುವಳಿಯನ್ನು ಪ್ರತ್ಯೇಕಿಸಿ, ಮೊದಲು ವಾರಕ್ಕೆ ಮೂರು ದಿನ, ಅನಂತರ ವಾರಕ್ಕೊಮ್ಮೆ, ಕಡೆಗೆ ತಿಂಗಳಿಗೊಮ್ಮೆ ಎಂದು ಕುಗ್ಗಿಸುತ್ತ ಬಂದು, 2018ರ ಡಿಸೆಂಬರ್ 31ಕ್ಕೆ ಪೂರ್ಣವಿರಾಮ ಹಾಕಲಾಯಿತು. ಗೊಣಗಿದವರು ಅನೇಕರು, ನಷ್ಟಕ್ಕೊಳಗಾದವರು ವಿರಳ. ಇದೇ ರೀತಿ, ಬ್ಯಾಂಕುಗಳ ಜಾಲತಾಣಗಳ ಹೆಸರು ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿಯಬೇಕೆಂದು ರಿಸರ್ವ್ ಬ್ಯಾಂಕು 2025ರಲ್ಲಿ ಆದೇಶಿಸಿ, ಅದೇ ವರ್ಷದ ಅಕ್ಟೋಬರ್ 31ರ ಗಡುವನ್ನು ವಿಧಿಸಿತು. ಕಳ್ಳ ಜಾಲತಾಣಗಳನ್ನು ಗುರುತಿಸಲು ಗ್ರಾಹಕನಿಗೆ ಇದರಿಂದ ಒಂದು ಸುಲಭವಾದ ಗುರುತು ಸಿಕ್ಕಿತು. ಖಚಿತವಾದ ದಿನವೊಂದು ಗೋಡೆಯ ಮೇಲಿದ್ದರೆ ಎಂತಹ ದೊಡ್ಡ ಬದಲಾವಣೆಯೂ ನಡೆಯುತ್ತದೆ ಎಂಬುದು ಇದರ ಪಾಠ.

ಕೈಯಲ್ಲಿರುವುದು ಮುಂದೆ, ಮನೆಯಲ್ಲಿರುವುದು ಹಿಂದೆ

ಐ.ಪಿ.ವಿ. 6ರ ವಿಷಯದಲ್ಲಿಯೂ ದಿನಗಳನ್ನು ಗೊತ್ತುಪಡಿಸಲಾಗಿತ್ತು. ಕೇಂದ್ರ ದೂರಸಂಪರ್ಕ ಇಲಾಖೆಯು 2010ರ ಜುಲೈಯಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ದೊಡ್ಡ ಕಂಪನಿಗಳಿಗೆ 2011ರ ಡಿಸೆಂಬರನ್ನೂ ಸರ್ಕಾರಿ ಕಚೇರಿಗಳಿಗೆ 2012ರ ಮಾರ್ಚನ್ನೂ ಗುರಿಯಾಗಿ ಇಟ್ಟಿತ್ತು. 2013ರಲ್ಲಿ ಎರಡನೆಯ ಮಾರ್ಗಸೂಚಿ ಬಂದಿತು. ಗಡುವುಗಳು ಮುಂದೆ ಹೋಗುತ್ತ ಹೋಗುತ್ತ, 2021ರ ನವೆಂಬರಿನ ಆದೇಶದಂತೆ ಸರ್ಕಾರಿ ಸಂಸ್ಥೆಗಳಿಗೆ 2022ರ ಜೂನ್ 30 ಎಂದೂ, 2022ರ ಡಿಸೆಂಬರ್ 31ರ ನಂತರ ಕೊಡುವ ಪ್ರತಿಯೊಂದು ಹೊಸ ತಂತಿ ಸಂಪರ್ಕವೂ ಹೊಸ ವಿಳಾಸಗಳನ್ನು ಸಾಗಿಸಬಲ್ಲದಾಗಿರಬೇಕೆಂದೂ ನಿಗದಿಯಾಯಿತು.

ಈ ನಡುವೆ ಅನಿರೀಕ್ಷಿತ ದಿಕ್ಕಿನಿಂದ ಪ್ರಗತಿ ಬಂದಿತು. 2016ರ ಸೆಪ್ಟೆಂಬರ್ 5ರಂದು ಸೇವೆ ಆರಂಭಿಸಿದ ರಿಲಯನ್ಸ್ ಜಿಯೋ ಕಂಪನಿಗೆ ಹಳೆಯ ಜಾಲದ ಹೊರೆಯಿರಲಿಲ್ಲ. ಕೋಟ್ಯಂತರ ಗ್ರಾಹಕರಿಗೆ ಸಾಲುವಷ್ಟು ಹಳೆಯ ವಿಳಾಸಗಳೂ ಇರಲಿಲ್ಲ. ಅದು ಮೊದಲಿನಿಂದಲೇ ಹೊಸ ಪದ್ಧತಿಯನ್ನು ಹಿಡಿಯಿತು. ಹೊಸ ಮನೆ ಕಟ್ಟುವವನಿಗೆ ಗೋಡೆಯೊಳಗೆ ತಂತಿ ಎಳೆಯುವುದು ಸುಲಭ. ಹಳೆಯ ಮನೆಯವನು ಗೋಡೆ ಒಡೆಯಬೇಕು. ಮುಂದೆ ಇತರ ಮೊಬೈಲ್ ಕಂಪನಿಗಳೂ ಇದೇ ದಾರಿ ಹಿಡಿದವು. ಗೂಗಲ್ ಸಂಸ್ಥೆಯ ಅಳತೆಯಂತೆ ಇಂದು ಭಾರತದಿಂದ ಅದರ ಸೇವೆಗಳಿಗೆ ಬರುವವರಲ್ಲಿ ಮೂರರಲ್ಲಿ ಎರಡು ಪಾಲಿಗೂ ಹೆಚ್ಚಿನವರು ಹೊಸ ವಿಳಾಸಗಳಿಂದಲೇ ಬರುತ್ತಾರೆ. ಜಗತ್ತಿನ ಸರಾಸರಿ ಅರ್ಧದ ಆಸುಪಾಸಿನಲ್ಲಿದೆ. ಪಂಕ್ತಿಗೆ ತಡವಾಗಿ ಬಂದವರು ಈ ಬಾರಿ ಮುಂದಿನ ಸಾಲಿನಲ್ಲಿ ಕುಳಿತಿದ್ದೇವೆ ಎಂಬುದು ಅಭಿಮಾನದ ಸಂಗತಿಯೇ ಸರಿ. ಆದರೆ ಈ ಶ್ರೇಯಸ್ಸಿನ ಬಹುಪಾಲು ಮೊಬೈಲಿನದು. ಮನೆಯ ತಂತಿ ಸಂಪರ್ಕ, ಚಿಕ್ಕ ಕಚೇರಿಗಳು, ಸಂಘಸಂಸ್ಥೆಗಳ ಜಾಲತಾಣಗಳು ಅನೇಕ ಕಡೆ ಹಿಂದೆಯೇ ಉಳಿದಿವೆ.

ಇದರ ಪರಿಣಾಮ ನಮ್ಮ ಮನೆಗೇ ತಟ್ಟಿತು. ನನ್ನ ತಾಯಿಯವರು ಮಲೆನಾಡಿನ ಊರಿನ ಮನೆಯಲ್ಲಿ ಒಬ್ಬರೇ ಇದ್ದಾರೆ. ಎಷ್ಟು ಕರೆದರೂ ಚೆನ್ನೈಯ ಸೆಕೆಗೆ ಬರಲೊಲ್ಲರು. ಒಮ್ಮೆ ಬಚ್ಚಲಿನ ಬಳಿ ಜಾರಿ ಬಿದ್ದ ಮೇಲೆ, ನಡುಮನೆಯಲ್ಲಿ ಒಂದು ಕ್ಯಾಮರಾ ಇಟ್ಟೆವು. ಅದನ್ನು ಮಾರಿದ ಕಂಪನಿಯು ವಿದೇಶದಲ್ಲಿದ್ದ ತನ್ನ ಯಂತ್ರದ ಮೂಲಕ ಚಿತ್ರವನ್ನು ನಮಗೆ ದಾಟಿಸುತ್ತಿತ್ತು. ಒಂದು ದಿನ ಆ ಸೇವೆಯನ್ನೇ ನಿಲ್ಲಿಸಿಬಿಟ್ಟಿತು. ಕ್ಯಾಮರಾ ಗಟ್ಟಿಯಾಗಿದೆ, ಸಂಪರ್ಕವೂ ಇದೆ, ಆದರೆ ಅಮ್ಮನನ್ನು ನೋಡಲು ದಾರಿಯಿಲ್ಲ. ಏಕೆಂದರೆ ಊರಿನ ಮನೆಗೆ ಹೊರಗಿನಿಂದ ಕರೆಯಬಲ್ಲ ವಿಳಾಸವೇ ಇರಲಿಲ್ಲ. ಇಂಜಿನಿಯರಿಂಗ್ ಓದಿದ ನನ್ನ ಸೋದರಳಿಯನು ರಜೆಗೆ ಹೋದಾಗ, ಸಂಪರ್ಕ ಕೊಡುವವರನ್ನು ಕೇಳಿ ಐ.ಪಿ.ವಿ. 6ನ್ನು ಪಡೆದು, ರೌಟರಿನಲ್ಲಿ ಬೀಗಮುದ್ರೆಯುಳ್ಳ ಒಂದು ಖಾಸಗಿ ಮಾರ್ಗವನ್ನು ಏರ್ಪಡಿಸಿ ಬಂದನು.

ವಿಚಿತ್ರವೆಂದರೆ, ಬೀದಿಯಲ್ಲಿ ನಿಂತು ಮೊಬೈಲಿನಲ್ಲಿ ನೋಡಿದರೆ ಅಮ್ಮ ಹೂಬತ್ತಿ ಹೊಸೆಯುತ್ತ ಕುಳಿತಿರುವುದು ಕಾಣುತ್ತಿತ್ತು; ನಮ್ಮ ಮನೆಯೊಳಗೆ ಬಂದು ವೈಫೈಗೆ ಸೇರಿದೊಡನೆ ಚಿತ್ರ ಮಾಯವಾಗುತ್ತಿತ್ತು! ‘ಮಾವ, ಅಜ್ಜಿ ಮನೆ ಸರಿಯಾಗಿದೆ. ಹಳೇದಾಗಿರೋದು ನಿಮ್ಮ ಮನೆ’ ಎಂದನು ಹುಡುಗ. ಮೊಬೈಲಿಗೆ ಹೊಸ ವಿಳಾಸವಿತ್ತು. ಮಹಾನಗರದ ನಮ್ಮ ಮನೆಯ ತಂತಿಗೆ ಇರಲಿಲ್ಲ. ಎರಡು ಬಾರಿ ದೂರು ಬರೆದು, ರೌಟರನ್ನು ಬದಲಾಯಿಸಿಕೊಂಡ ಮೇಲೆ ಅದೂ ಸರಿಹೋಯಿತು.

ಕೆಲವು ಸಂದೇಹಗಳು

ಹೊಸ ವಿಳಾಸದಿಂದ ವೇಗ ಹೆಚ್ಚುವುದೇ ಎಂದು ಕೇಳುತ್ತಾರೆ. ಎರಡನೆಯ ಮೇಜನ್ನು ದಾಟುವ ಶ್ರಮ ತಪ್ಪುತ್ತದೆ. ಆದರೆ ಕಣ್ಣಿಗೆ ಕಾಣುವಷ್ಟು ಅಂತರವನ್ನು ನಿರೀಕ್ಷಿಸಬಾರದು. ಪ್ರತಿ ಯಂತ್ರಕ್ಕೂ ಸ್ವಂತ ವಿಳಾಸವಿದ್ದರೆ ಕಳ್ಳರಿಗೆ ಬಾಗಿಲು ತೆರೆದಂತಲ್ಲವೇ ಎಂಬುದು ಎರಡನೆಯ ಸಂದೇಹ. ವಿಳಾಸವಿರುವುದು ಬೇರೆ, ಬಾಗಿಲು ತೆರೆದಿಡುವುದು ಬೇರೆ. ರೌಟರಿನಲ್ಲಿರುವ ‘ಫೈರ್‌ವಾಲ್’ ಎಂಬ ಕಾವಲನ್ನು ಎಂದಿಗೂ ಆರಿಸಬಾರದು. ಕ್ಯಾಮರಾವನ್ನು ನೇರವಾಗಿ ಹೊರಲೋಕಕ್ಕೆ ತೆರೆಯದೆ, ಬೀಗವುಳ್ಳ ಮಾರ್ಗದಿಂದಲೇ ಬಳಸಬೇಕು. ನಮ್ಮ ಚಲನವಲನ ಬಯಲಾಗುವುದೆಂಬ ಅಂಜಿಕೆ ಮೂರನೆಯದು. ಈಗಿನ ಫೋನು, ಗಣಕಯಂತ್ರಗಳು ಹೊರಗೆ ಹೋಗುವಾಗ ವಿಳಾಸದ ಕೊನೆಯರ್ಧವನ್ನು ಆಗಾಗ ತಾವಾಗಿಯೇ ಬದಲಾಯಿಸಿಕೊಳ್ಳುತ್ತವೆ. ಮನೆ ಯಾವುದೆಂಬುದು ಕಂಪನಿಗೆ ತಿಳಿದಿರುತ್ತದೆ. ಅದು ಹಳೆಯ ಪದ್ಧತಿಯಲ್ಲಿಯೂ ಇದ್ದದ್ದೇ.

ನಾವು ಮಾಡಬಹುದಾದದ್ದು

ಮಾಡಬೇಕಾದ ಕೆಲಸ ಬಹಳವಿಲ್ಲ. ಮೊದಲು ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಐ.ಪಿ. ವಿಳಾಸವನ್ನು ನೋಡಿರಿ. ಮನೆಯ ವೈಫೈಗೆ ಸೇರಿದಾಗಲೂ ಜೋಡಿ ಚುಕ್ಕೆಗಳುಳ್ಳ ಉದ್ದನೆಯ ವಿಳಾಸ ಕಂಡರೆ, ಮತ್ತು ಅದು ಎಫ್ ಅಕ್ಷರದಿಂದ ಆರಂಭವಾಗದಿದ್ದರೆ, ನಿಮ್ಮ ಮನೆ ಹೊಸ ಪದ್ಧತಿಗೆ ಸೇರಿದೆ. ಎಫ್‌ನಿಂದ ಆರಂಭವಾಗುವವು ಮನೆಯೊಳಗಿನ ಬಳಕೆಯವು.

ಎರಡನೆಯದಾಗಿ, ರೌಟರಿನ ಪುಟದಲ್ಲಿ ಕಂಪನಿಯ ಕಡೆಯಿಂದ ಬಂದ ಹಳೆಯ ಮಾದರಿಯ ವಿಳಾಸವನ್ನು ನೋಡಿರಿ. ಅದು 100.64ರಿಂದ 100.127ರವರೆಗಿನ ಯಾವುದಾದರೂ ಸಂಖ್ಯೆಯಿಂದ ಮೊದಲಾದರೆ ನಿಮ್ಮದು ಕೇರಾಫ್ ವಿಳಾಸವೆಂದು ನಿಶ್ಚಯ. ಆ ಸಂಖ್ಯೆಗಳನ್ನು 2012ರಲ್ಲಿ ಇಂತಹ ಹಂಚಿಕೆಗೆಂದೇ ಮೀಸಲಿಡಲಾಗಿದೆ.

ಮೂರನೆಯದಾಗಿ, ಐ.ಪಿ.ವಿ. 6 ಇಲ್ಲದಿದ್ದರೆ ಸಂಪರ್ಕ ಕೊಡುವವರಿಗೆ ಬರಹದಲ್ಲಿ ಕೇಳಿರಿ. ಬಾಯಿಮಾತಿನ ಕೋರಿಕೆ ಗಾಳಿಯಲ್ಲಿ ಹೋಗುತ್ತದೆ. ಕಾಗದದ ಮೇಲಿನದಕ್ಕೆ ಉತ್ತರ ಬರುತ್ತದೆ ಎಂಬುದು ಕಚೇರಿಯಲ್ಲಿ ದುಡಿದವರಿಗೆಲ್ಲ ಗೊತ್ತು. ಹೊಸ ರೌಟರು, ಕ್ಯಾಮರಾ ಕೊಳ್ಳುವಾಗಲೂ ಈ ಪ್ರಶ್ನೆಯನ್ನು ಮೊದಲೇ ಕೇಳಿರಿ. ಅಂಗಡಿಯವನಿಗೆ ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಅವನೇ ಹೇಳುತ್ತಾನೆ.

ನಮ್ಮ ಸಂಘಕ್ಕೂ ಒಂದು ವಿನಂತಿಯುಂಟು. ಕನ್ನಡ ಸಂಘಗಳ, ಶಾಲೆಗಳ, ನಮ್ಮವರ ಅಂಗಡಿ ಹೋಟೆಲುಗಳ ಜಾಲತಾಣಗಳು ಹೊಸ ವಿಳಾಸದಲ್ಲಿಯೂ ದೊರೆಯುವಂತೆ ಅವುಗಳನ್ನು ನಿರ್ವಹಿಸುವವರಿಗೆ ಸೂಚಿಸಬೇಕು. ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಒಂದು ಭಾನುವಾರದ ಬೆಳಿಗ್ಗೆ ಸಂಘದ ಸಭಾಂಗಣದಲ್ಲಿ ರಕ್ತದೊತ್ತಡದ ತಪಾಸಣೆ ನಡೆಯುವಾಗ, ಪಕ್ಕದ ಮೇಜಿನಲ್ಲಿ ಈ ಮಕ್ಕಳನ್ನು ಕೂರಿಸಿ ಹಿರಿಯರ ಫೋನುಗಳನ್ನೂ ನೋಡಿ ಕೊಡುವಂತೆ ಏರ್ಪಡಿಸಿದರೆ, ಖರ್ಚಿಲ್ಲದೆ ದೊಡ್ಡ ಉಪಕಾರವಾಗುತ್ತದೆ. ಊರಿನಲ್ಲಿರುವ ತಾಯ್ತಂದೆಯರ ಮನೆಯ ಸಂಪರ್ಕದ ವಿಷಯವನ್ನೂ ಅಂದೇ ವಿಚಾರಿಸಿಕೊಳ್ಳಬಹುದು. ಕಾರ್ಯಕಾರಿ ಸಮಿತಿಯವರು ಒಪ್ಪಿದರೆ ಮೊದಲ ಭಾನುವಾರ ಆ ಮೇಜಿನ ಬಳಿ ಕುಳಿತು ಹೆಸರು ಬರೆದುಕೊಳ್ಳುವ ಕೆಲಸಕ್ಕೆ ನಾನು ಸಿದ್ಧನಿದ್ದೇನೆ.